ನಂಬಿಗೆಯಿಂದ ಅನುಭವಕ್ಕೆ

ಹಳ್ಳಿಯಿಂದ ಬಂದು ಬೆಂಗಳೂರಿನ ಬಾಪೂಜಿನಗರದಂತಹ ಬಡಾವಣೆಗಳಲ್ಲಿ ನೆಲೆಸಿದ ಅನೇಕ ಹಿರಿಯರ ಕೊರಳಲ್ಲಿ ಇಷ್ಟಲಿಂಗವಿದೆ. "ತಾತಾ, ಇದರಿಂದ ನಿನಗೇನು ತಿಳಿಯಿತು?" ಎಂದು ಮೊಮ್ಮಗ ಕೇಳಿದರೆ, "ಹಿರಿಯರು ನಂಬಿದ್ದರು, ನಾವೂ ನಂಬಿದ್ದೇವೆ" ಎನ್ನುತ್ತೇವೆ. ಉತ್ತರ ತಪ್ಪಲ್ಲ, ಆದರೆ ಅದು ಮೊದಲ ಮೆಟ್ಟಿಲು.

ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ. ಅನುಭವಭಕ್ತಿ ಒದಗುವುದು ನಾಲ್ಕನೆಯ ಪ್ರಾಣಲಿಂಗಿಸ್ಥಲದಲ್ಲಿ. ಅಂದರೆ ನಂಬಿಗೆಗೂ ಅನುಭವಕ್ಕೂ ನಡುವೆ ನಿಷ್ಠೆ, ಅವಧಾನವೆಂಬ ಎರಡು ಮೆಟ್ಟಿಲುಗಳಿವೆ. ಅವನ್ನು ನಮಗಾಗಿ ಬೇರೆಯವರು ಹತ್ತಲಾರರು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕೂಡಿದ ನೆಲೆಯ ಹೆಸರೇ ಅನುಭವ ಮಂಟಪ.

ಕಟ್ಟಿಕೊಂಡ ಲಿಂಗವನ್ನು ದಿನಕ್ಕೊಮ್ಮೆಯಾದರೂ ಕರಸ್ಥಲದಲ್ಲಿಟ್ಟು ದೃಷ್ಟಿ ನಿಲ್ಲಿಸೋಣ. ಹಾಗೆ ಮಾಡುತ್ತ ಬಂದರೆ, ಮೊಮ್ಮಗನಿಗೆ ಹೇಳುವ ಮಾತು ಒಂದು ದಿನ ನಮ್ಮದೇ ಆದೀತು.