ಹಿತ್ತಲ ಉಗ್ರಾಣ: ತಗಡಿಗಿಂತ ಮೊದಲು ಬುನಾದಿ
ತರೀಕೆರೆ ಭಾಗದ ವರ್ತಕರು ಅಡಿಕೆ ದಾಸ್ತಾನಿಗೆ ತಗಡಿನ ಶೆಡ್ಡು ನಿಲ್ಲಿಸುವ ಮೊದಲು ಮಣ್ಣಿನ ಗುಣವನ್ನು ಪರೀಕ್ಷಿಸುವುದು ಲೇಸು. ಅಜ್ಜಂಪುರ ಕಡೆಯ ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ; ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಸೀಳುತ್ತದೆ, ಕಂಬಗಳು ವಾಲುತ್ತವೆ. ಅಂಥಲ್ಲಿ ಕಂಬದ ಗುಂಡಿಯನ್ನು ಗಟ್ಟಿ ನೆಲದವರೆಗೆ ತೋಡಿ, ನೆಲಗಟ್ಟಿನಡಿಯ ಎರೆಮಣ್ಣು ತೆಗೆದು, ಗರಸು ತುಂಬಿ, ಪದರಪದರವಾಗಿ ದಮ್ಮಸ್ಸು ಮಾಡಬೇಕು. ದೊಡ್ಡ ಗೋದಾಮಿಗಾದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡ ಅಗಲವಾದ ಪೈಲ್ ಬುನಾದಿಯುಂಟು. ಗಟ್ಟಿ ಕೆಂಪು ಗರಸಿನ ನೆಲಕ್ಕೆ ಸೈಜುಗಲ್ಲಿನ ಸಾಧಾರಣ ಬುನಾದಿಯೇ ಸಾಕು.

ನೆಲಗಟ್ಟು ಒಂದೂವರೆ ಅಡಿಯಾದರೂ ಎತ್ತರವಿರಲಿ. ಕಾಂಕ್ರೀಟಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಲಿ. ತೇವವೇರಿದರೆ ಅಡಿಕೆಗೆ ಬೂಷ್ಟು ಹಿಡಿದು ಧಾರಣೆ ಇಳಿಯುತ್ತದೆ. ಗುರುತು ಹಾಕುವಾಗಲೇ ಎರಡೂ ಕರ್ಣಗಳನ್ನು ಅಳೆದು ಸಮವಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ತಗಡು ಕೂಡುವುದಿಲ್ಲ. ಬುನಾದಿಯಲ್ಲಿ ಉಳಿಸಿದ ಹಣವನ್ನು ದಾಸ್ತಾನಿನಲ್ಲಿ ಕಳೆದುಕೊಳ್ಳುವುದು ವ್ಯಾಪಾರವಲ್ಲ.