ಮನೆಗೆ ಮೊಬೈಲಿನ ಇಂಟರ್‌ನೆಟ್ ಸಾಲುವುದೆ?

‘ದಿನಕ್ಕೆ ಎರಡು ಜಿ.ಬಿ., ಅನ್‌ಲಿಮಿಟೆಡ್’ – ಮೊಬೈಲಿಗೆ ರೀಚಾರ್ಜ್ ಮಾಡುವ ಅಂಗಡಿಯ ಗೋಡೆಯ ಮೇಲಿನ ಹಾಳೆಯಲ್ಲಿ ಈ ಎರಡು ಮಾತುಗಳು ಪಕ್ಕಪಕ್ಕದಲ್ಲಿಯೆ ಅಚ್ಚಾಗಿರುತ್ತವೆ. ಮೊದಲನೆಯದು ಮಿತಿಯನ್ನು ಹೇಳುತ್ತದೆ. ಎರಡನೆಯದು ಮಿತಿಯೇ ಇಲ್ಲವೆನ್ನುತ್ತದೆ. ತರ್ಕಶಾಸ್ತ್ರ ಬಲ್ಲವರು ಇದನ್ನು ವದತೋವ್ಯಾಘಾತವೆಂದಾರು. ನಾವು ಮಾತ್ರ ಹಣ ತೆತ್ತು, ಎರಡನ್ನೂ ಒಟ್ಟಿಗೆ ನಂಬಿ ಮನೆಗೆ ಬರುತ್ತೇವೆ. ಹೀಗೆ ಬಂದವರಲ್ಲಿ ಅನೇಕರ ಮನೆಯಲ್ಲಿ ಬೇರೆ ಇಂಟರ್‌ನೆಟ್ ಇರುವುದಿಲ್ಲ. ಮೊಬೈಲಿಗೆ ಹಾಕಿಸಿದ ಡೇಟಾದಲ್ಲಿಯೆ ಮಗಳ ಪಾಠ, ಮಗನ ಕ್ರಿಕೆಟ್ಟು, ಯಜಮಾನರ ಕಚೇರಿಯ ಕೆಲಸ, ಅಜ್ಜಿಯ ಹರಿಕಥೆ ಎಲ್ಲವೂ ಸಾಗಬೇಕು. ತಂತಿಯ ಸಂಪರ್ಕವಿಲ್ಲದೆ ಇದನ್ನೊಂದನ್ನೇ ನೆಚ್ಚಿ ಒಂದು ಸಂಸಾರ ನಡೆದೀತೆ? ನಡೆದರೆ ಎಂಥ ಮನೆಯಲ್ಲಿ ನಡೆದೀತು? ಇಂದು ವಿಚಾರಿಸಬೇಕಾದದ್ದು ಇದನ್ನು.

ಇದು ಕೆಲವರ ಚಪಲದ ಪ್ರಶ್ನೆಯಲ್ಲ. 2024ರ ಕೊನೆಯ ವೇಳೆಗೆ ನಮ್ಮ ದೇಶದ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸುಮಾರು 90 ಕೋಟಿ ಮೊಬೈಲಿನವು. ತಂತಿಯ ಮೂಲಕ ಮನೆಗೆ ಬಂದವು ಸುಮಾರು 4 ಕೋಟಿ. ಒಬ್ಬರೇ ಎರಡೆರಡು ಸಿಮ್ ಇಟ್ಟುಕೊಂಡಿರುವ ಲೆಕ್ಕವನ್ನು ಕಳೆದರೂ ಅಂತರ ಅಗಾಧವಾದುದು. ಪಶ್ಚಿಮದ ಹಲವು ದೇಶಗಳಲ್ಲಿ ಮೊದಲು ಮನೆಗೆ ತಂತಿ ಬಂದಿತು, ಆಮೇಲೆ ಕೈಗೆ ಮೊಬೈಲ್ ಬಂದಿತು. ನಮ್ಮಲ್ಲಿ ಹೆಚ್ಚಿನ ಮನೆಗಳು ಮೊದಲನೆಯ ಮೆಟ್ಟಿಲನ್ನು ತುಳಿಯದೆಯೆ ಎರಡನೆಯದಕ್ಕೆ ಹಾರಿದವು.

ಹಾರಿದ ದಿನವನ್ನೂ ಗುರುತಿಸಬಹುದು. 2016ರ ಸೆಪ್ಟೆಂಬರ್ 5ರಂದು ಜಿಯೋ ಸಂಸ್ಥೆಯ ಸೇವೆ ಆರಂಭವಾಯಿತು. ಅದಕ್ಕೆ ಮುಂಚೆ ಒಂದು ಜಿ.ಬಿ. ಡೇಟಾಕ್ಕೆ 250 ರೂಪಾಯಿಯ ಆಸುಪಾಸು ಬೆಲೆಯಿತ್ತು. ಜನ ಅದನ್ನು ಕೇಸರಿಯಂತೆ ಎಣಿಸಿ ಬಳಸುತ್ತಿದ್ದರು. ಹೊಸ ಸಂಸ್ಥೆ 2017ರ ಮಾರ್ಚ್ ಕೊನೆಯವರೆಗೆ ಅದನ್ನು ಬಿಟ್ಟಿಯಾಗಿಯೆ ಕೊಟ್ಟಿತು. ಉಳಿದ ಕಂಪನಿಗಳೂ ದರ ಇಳಿಸಬೇಕಾಯಿತು. ತಿಂಗಳಿಗೊಂದು ಜಿ.ಬಿ. ಎಂಬ ಲೆಕ್ಕ ಹೋಗಿ, ದಿನಕ್ಕೊಂದು, ಒಂದೂವರೆ, ಎರಡು ಎಂಬ ಲೆಕ್ಕ ಬಂದದ್ದು ಆಗ. ‘ಅನ್‌ಲಿಮಿಟೆಡ್’ ಎಂಬ ಮಾತು ನಮ್ಮ ಆಡುನುಡಿಯಾದದ್ದೂ ಆಗಲೆ.

ಈ ಮಾತಿನ ಅರ್ಥ ತಿಳಿಯಲು ದ್ರೌಪದಿಯ ಅಕ್ಷಯಪಾತ್ರೆಯನ್ನು ನೆನೆದರೆ ಸಾಕು. ಅದು ಎಷ್ಟು ಮಂದಿ ಅತಿಥಿಗಳು ಬಂದರೂ ಬರಿದಾಗದ ಪಾತ್ರೆ; ಆದರೆ ದ್ರೌಪದಿಯ ಊಟವಾಗುವ ತನಕ ಮಾತ್ರ. ಆಕೆ ಉಂಡು ಪಾತ್ರೆ ತೊಳೆದಿಟ್ಟಮೇಲೆ ಮರುದಿನದವರೆಗೆ ಅದರಲ್ಲಿ ಏನೂ ಹುಟ್ಟದು. ಹೆಸರು ಅಕ್ಷಯ, ನಡೆ ದಿನದ ಮಿತಿಗೊಳಪಟ್ಟದ್ದು. ಮೊಬೈಲಿನ ಡೇಟಾ ನಿಖರವಾಗಿ ಇಂಥದು. ಮಧ್ಯರಾತ್ರಿಗೆ ಪಾತ್ರೆ ತುಂಬುತ್ತದೆ; ಅಂದಿನ ಪಾಲು ಮುಗಿದ ಮೇಲೆ ದೂರ್ವಾಸರು ಬಂದರೆ ನಮ್ಮ ಪಾಲಿಗೆ ಕೃಷ್ಣನು ಬರುವುದಿಲ್ಲ.

ಪೂರ್ತಿ ನಿಲ್ಲುವುದಿಲ್ಲವಲ್ಲ, ವೇಗ ಮಾತ್ರ ಇಳಿಯುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಹೌದು, ಆದರೆ ಎಲ್ಲಿಗೆ ಇಳಿಯುತ್ತದೆ? ಹೆಚ್ಚಿನ ಪ್ಲ್ಯಾನುಗಳಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ಗೆ. ಗುಣಾಕಾರ ಮಾಡಿ ನೋಡಿದರೆ ಇದು ಗಂಟೆಗೆ ಸುಮಾರು 29 ಎಂ.ಬಿ. ಸಾಧಾರಣ ಗುಣಮಟ್ಟದ ಒಂದು ಗಂಟೆಯ ವಿಡಿಯೋ ಹೆಚ್ಚುಕಡಿಮೆ ಒಂದು ಜಿ.ಬಿ. ಇರುತ್ತದೆ; ಅದು ಈ ವೇಗದಲ್ಲಿ ಇಳಿದು ಬರಲು 35 ಗಂಟೆ ಬೇಕು. 2023ರ ಜನವರಿಯಲ್ಲಿ ಸರಕಾರವು ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಮೆಗಾಬಿಟ್ ವೇಗವಿರಬೇಕೆಂದು ಗೊತ್ತುಮಾಡಿತು. ನಮ್ಮ ‘ಮಿತಿಯಿಲ್ಲದ’ ಡೇಟಾದ ಬಾಲ ಅದರ ಮೂವತ್ತೊಂದನೆಯ ಒಂದು ಪಾಲು. ತಂತಿಯ ಸಂಪರ್ಕಕ್ಕಾದರೆ, ಪಾಲು ಮುಗಿದ ಮೇಲೂ ವೇಗವನ್ನು 512 ಕಿಲೋಬಿಟ್‌ಗಿಂತ ಕೆಳಗಿಳಿಸಕೂಡದೆಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ 2016ರಲ್ಲಿಯೆ ವಿಧಿಸಿತ್ತು. ಮೊಬೈಲಿನವರಿಗೆ ಆ ಆಸರೆ ಸಿಗಲಿಲ್ಲ. 64 ಕಿಲೋಬಿಟ್‌ನಲ್ಲಿ ನಾಲ್ಕು ಸಾಲಿನ ಸಂದೇಶ ಹೋದೀತು, ಪಾಠ ನಡೆಯದು. ಇದನ್ನು ಅನ್‌ಲಿಮಿಟೆಡ್ ಎನ್ನುವುದು ಕಾನೂನಿಗೆ ಒಪ್ಪಿತವಾಗಿದ್ದರೂ ಭಾಷೆಗೆ ಮಾಡಿದ ಅಪಚಾರವೆಂದೇ ನನ್ನ ಭಾವನೆ.

5-ಜಿ ಬಂದ ಮೇಲೆ ಮಾತು ಸ್ವಲ್ಪ ಬದಲಾಗಿದೆ. 2022ರ ಅಕ್ಟೋಬರ್ 1ರಂದು ನಮ್ಮಲ್ಲಿ 5-ಜಿ ಉದ್ಘಾಟನೆಯಾದ ಮೇಲೆ, ಆ ಜಾಲದಲ್ಲಿ ದಿನದ ಎಣಿಕೆಯನ್ನೇ ಕೈಬಿಟ್ಟ ಕೊಡುಗೆಗಳು ಬಂದವು. 2024ರ ಜುಲೈಯಲ್ಲಿ ದರ ಏರಿಸಿದಾಗ ಜಿಯೋ, ಏರ್‌ಟೆಲ್ ಎರಡೂ ಇದನ್ನು ದಿನಕ್ಕೆ 2 ಜಿ.ಬಿ. ಮತ್ತು ಅದಕ್ಕೆ ಮೇಲಿನ ಪ್ಲ್ಯಾನುಗಳಿಗಷ್ಟೆ ಸೀಮಿತಗೊಳಿಸಿದವು. ಇಲ್ಲೊಂದು ಸೂಕ್ಷ್ಮವುಂಟು. ಎಣಿಕೆಯಿಲ್ಲದಿರುವುದು ಫೋನು 5-ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಜಗಲಿಯಲ್ಲಿ 5-ಜಿ ಹಿಡಿದಿದ್ದ ಫೋನು ನಡುಮನೆಗೆ ಬಂದೊಡನೆ ಸದ್ದಿಲ್ಲದೆ 4-ಜಿಗೆ ಇಳಿಯಬಹುದು. ಆಗ ದಿನದ ಪಾಲು ಮತ್ತೆ ಕರಗತೊಡಗುತ್ತದೆ. ‘ಅನ್‌ಲಿಮಿಟೆಡ್ ಹಾಕಿಸಿದ್ದೇವೆ, ಆದರೂ ಮುಗಿಯಿತೆಂದು ಮೆಸೇಜ್ ಬಂದಿತಲ್ಲ!’ ಎಂದು ಬೆರಗಾಗುವವರು ಫೋನಿನ ಮೇಲಂಚಿನ ಅಂಕಿಯನ್ನೊಮ್ಮೆ ಗಮನಿಸುವುದೊಳ್ಳೆಯದು.

ಇನ್ನು ಇದೆಲ್ಲದರ ಮೂಲಕ್ಕೆ ಹೋಗೋಣ. ಕಂಪನಿಗಳು ಮಿತಿ ಇಡುವುದು ಬರಿಯ ಜಿಪುಣತನದಿಂದಲ್ಲ. ಮೊಬೈಲಿನ ಡೇಟಾ ಗಾಳಿಯಲ್ಲಿ ರೇಡಿಯೊ ಅಲೆಯಾಗಿ ಬರುತ್ತದೆ. ಈ ಭಾಷಣ ತಮ್ಮನ್ನು ತಲುಪಿದ ಹಾಗೆಯೆ. ಆದರೆ ಒಂದು ವ್ಯತ್ಯಾಸವಿದೆ. ರೇಡಿಯೊ ಭಾಷಣವನ್ನು ಒಬ್ಬರು ಕೇಳಿದರೂ ಒಂದೆ, ಲಕ್ಷ ಜನ ಕೇಳಿದರೂ ಒಂದೆ. ನನ್ನ ಮಾತು ಯಾರ ಪಾಲಿಗೂ ಕಡಿಮೆಯಾಗದು. ಮೊಬೈಲ್ ಟವರು ಹಾಗಲ್ಲ. ಒಬ್ಬೊಬ್ಬರಿಗೂ ಬೇರೆಬೇರೆ ಸಂಗತಿಯನ್ನು ಕಳಿಸಬೇಕಾದ್ದರಿಂದ ಅದು ತನ್ನ ಹೊತ್ತನ್ನು ಚೂರುಚೂರಾಗಿ ಕತ್ತರಿಸಿ ಹಂಚುತ್ತದೆ. 20 ಮೆಗಾಹರ್ಟ್ಸ್ ಅಗಲದ 4-ಜಿ ತರಂಗಪಟ್ಟಿ, ಎರಡು ಆಂಟೆನಾಗಳೊಡನೆ, ಆದರ್ಶ ಸ್ಥಿತಿಯಲ್ಲಿ ಕೊಡಬಲ್ಲದ್ದು ಸೆಕೆಂಡಿಗೆ ಸುಮಾರು 150 ಮೆಗಾಬಿಟ್. ಟವರಿನ ಆ ದಿಕ್ಕಿನಲ್ಲಿರುವ ಓಣಿಗಳ ಜನರೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಫೈಬರ್ ಎಂದರೆ ಕೂದಲೆಳೆಯಂಥ ಗಾಜಿನ ತಂತಿ. ಅದನ್ನೂ ಹಂಚುವುದುಂಟು, ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಕವಲೊಡೆಸುತ್ತಾರೆ. ಆದರೆ ಆ ಎಳೆಯ ಶಕ್ತಿ 2,500 ಮೆಗಾಬಿಟ್; ಸಾಲದೆ ಬಂದರೆ ಇನ್ನೊಂದು ಎಳೆಯನ್ನು ಹಾಕಬಹುದು. ಗಾಳಿಯಲ್ಲಿ ಇನ್ನೊಂದು ತರಂಗಪಟ್ಟಿಯನ್ನು ಹಾಗೆ ಎಳೆಯಲಾಗದು; ಇರುವುದನ್ನು ಸರಕಾರದ ಹರಾಜಿನಲ್ಲಿ ಕೊಳ್ಳಬೇಕು.

ಆದುದರಿಂದಲೆ ಮೊಬೈಲಿನ ಇಂಟರ್‌ನೆಟ್ ಬೆಳಗಿನ ಆರು ಗಂಟೆಗೆ ಒಂದು ತೆರ, ರಾತ್ರಿ ಎಂಟೂವರೆಗೆ ಒಂದು ತೆರ. ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವವರು ಬೇಕಾದಷ್ಟಿದ್ದಾರೆನ್ನಿಸುತ್ತದೆ; ಪಂಕ್ತಿ ಉದ್ದವಾದಂತೆ ಸಾರು ಬರುವ ಹೊತ್ತಿಗೆ ಅನ್ನ ಆರಿರುತ್ತದೆ. ಇನ್ನೊಂದು ತೊಡಕು, ಮೇಲಕ್ಕೆ ಕಳಿಸುವ ಹಾದಿಯದು. ಜನ ಹೆಚ್ಚಾಗಿ ನೋಡುವವರು, ಕಳಿಸುವವರು ಕಡಿಮೆ ಎಂಬ ಲೆಕ್ಕದ ಮೇಲೆ ಟವರಿನ ಹೊತ್ತಿನ ದೊಡ್ಡ ಪಾಲನ್ನು ಕೆಳಮುಖಕ್ಕೆ ಮೀಸಲಿಡುತ್ತಾರೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಮನೆಯಿಂದ ಕಚೇರಿಯ ಸಭೆಗೆ ಕುಳಿತವರ ಮುಖ ಮಾತ್ರ ಅತ್ತ ಕಡೆಯವರಿಗೆ ನಡುವೆ ನಡುವೆ ಕಲ್ಲಾಗಿ ಕಾಣುತ್ತದೆ.

ಗೋಡೆಗಳ ಮಾತನ್ನೂ ಆಡಬೇಕು. ಕಡಿಮೆ ಕಂಪನಾಂಕದ ಅಲೆಗಳು, ಎಂದರೆ 700, 850, 900 ಮೆಗಾಹರ್ಟ್ಸ್‌ನವು, ಗೋಡೆಯನ್ನು ಹಾಯ್ದು ಒಳಗೆ ಬರುತ್ತವೆ. 2300 ಮೆಗಾಹರ್ಟ್ಸ್‌ನವು, 5-ಜಿಯ 3300ಕ್ಕೆ ಮೇಲ್ಪಟ್ಟವು ಹೆಚ್ಚು ಡೇಟಾ ಹೊತ್ತು ತರುತ್ತವೆ, ಆದರೆ ಗೋಡೆಯ ಎದುರು ಬಲು ಬೇಗ ಸೋಲುತ್ತವೆ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಬ್ಬಿಣದ ಬೀರು, ತಗಡಿನ ಮಾಡು, ಇವೆಲ್ಲವೂ ಅವುಗಳಿಗೆ ಅಡ್ಡಿ. ಸಿಮ್ ಹಾಕುವ ರೌಟರನ್ನು ಕೊಂಡು ತಂದು, ನೋಟ ಕೆಡುವುದೆಂದು ಮೂಲೆಯ ಬೀರುವಿನ ಹಿಂದೆ ಇಡುವವರುಂಟು. ಟವರಿರುವ ದಿಕ್ಕಿನ ಕಿಟಕಿಯ ಬಳಿ, ಸಾಧ್ಯವಾದರೆ ಮಹಡಿಯ ಮೇಲೆ ಅದನ್ನಿಟ್ಟರೆ ಅದೇ ಸಿಮ್ ಬೇರೆಯೇ ಸಿಮ್ ಆದಂತೆ ವರ್ತಿಸುತ್ತದೆ.

ಆದರೆ ರೌಟರ್ ಕೊಳ್ಳುವವರು ಕೆಲವರೆ. ಹೆಚ್ಚಿನ ಮನೆಗಳಲ್ಲಿ ಒಬ್ಬರ ಫೋನಿನ ಹಾಟ್‌ಸ್ಪಾಟೇ ಮನೆಯ ಇಂಟರ್‌ನೆಟ್ಟು. ಯಾರ ಫೋನು? ಹೊಸ ಫೋನು, ದೊಡ್ಡ ಪ್ಲ್ಯಾನು ಬಹುಮಟ್ಟಿಗೆ ದುಡಿಯುವ ಯಜಮಾನರದು. ಅವರು ಬೆಳಗ್ಗೆ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ ಹೊರಟರೆ ಮನೆಯ ಇಂಟರ್‌ನೆಟ್ ಅವರ ಜೇಬಿನಲ್ಲಿ ಹೊರಟುಹೋಯಿತು. ಪರೀಕ್ಷೆಗೆ ಓದುವ ಮಗಳು ಹನ್ನೊಂದು ಗಂಟೆಯ ಪಾಠಕ್ಕೆ ತಾಯಿಯ ಹಳೆಯ ಫೋನನ್ನು ಬೇಡಬೇಕು. ತಾಯಿಯ ಪಾಲಿನ ಒಂದೂವರೆ ಜಿ.ಬಿ. ಅಲ್ಲಿಗೆ ತೀರುತ್ತದೆ, ರಾತ್ರಿ ಪರವೂರಿನಲ್ಲಿರುವ ತಂಗಿಯ ಮುಖ ನೋಡಿ ಮಾತಾಡೋಣವೆಂದು ಆಕೆ ಫೋನು ತೆಗೆದರೆ ಪರದೆಯ ಮೇಲೆ ಚಕ್ರ ಸುತ್ತುತ್ತಿರುತ್ತದೆ. ತಂತಿಯ ಸಂಪರ್ಕ ಮನೆಗೆ ಸೇರಿದ್ದು. ಮೊಬೈಲಿನ ಸಂಪರ್ಕ ವ್ಯಕ್ತಿಗೆ ಸೇರಿದ್ದು. ಮನೆಯಲ್ಲಿ ಯಾರ ಅಗತ್ಯ ಮೊದಲು ಎಂಬ ಹಳೆಯ ಪ್ರಶ್ನೆ ಇಲ್ಲಿ ಹೊಸ ವೇಷದಲ್ಲಿ ಬಂದು ನಿಲ್ಲುತ್ತದೆ. ವೇಗದ ಕೊರತೆಗಿಂತ ನನಗೆ ಇದೇ ದೊಡ್ಡ ಕೊರತೆಯಾಗಿ ಕಾಣುತ್ತದೆ. ಜಾಹೀರಾತಿನ ಯಾವ ಮೂಲೆಯಲ್ಲಿಯೂ ಇದರ ಪ್ರಸ್ತಾಪವಿಲ್ಲ.

ಹಾಟ್‌ಸ್ಪಾಟ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಕಂಪ್ಯೂಟರಿಗೆ ಹಾಟ್‌ಸ್ಪಾಟೂ ಒಂದೆ, ತಂತಿಯ ವೈಫೈಯೂ ಒಂದೆ. ಅದು ತನ್ನ ಅಪ್‌ಡೇಟುಗಳನ್ನು ಯಾರನ್ನೂ ಕೇಳದೆ ಇಳಿಸಿಕೊಂಡು ಅರ್ಧ ಗಂಟೆಯಲ್ಲಿ ದಿನದ ಪಾಲನ್ನು ನುಂಗಬಲ್ಲದು. ಅದರ ಸೆಟ್ಟಿಂಗಿನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆರಿಸಿಬಿಟ್ಟರೆ ಸುಮ್ಮನಿರುತ್ತದೆ. ಫೋನು ಬಿಸಿಯಾಗಿ ಅದರ ಬ್ಯಾಟರಿ ಬೇಗ ಸವೆಯುವುದು ಬೇರೆ.

2023ರಲ್ಲಿ ನಡುವಿನ ಹಾದಿಯೊಂದು ತೆರೆಯಿತು. ಆಗಸ್ಟಿನಲ್ಲಿ ಏರ್‌ಟೆಲ್, ಸೆಪ್ಟೆಂಬರಿನಲ್ಲಿ ಜಿಯೋ ‘ಏರ್‌ಫೈಬರ್’ ಎಂಬುದನ್ನು ತಂದವು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಗಾಳಿಯೇ. ತಾರಸಿಯ ಮೇಲೆ ಟವರಿನತ್ತ ಮುಖಮಾಡಿ ಒಂದು ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅಲ್ಲಿಂದ ಒಳಗೆ ವೈಫೈ. ಎಣಿಕೆ ದಿನದ್ದಲ್ಲ, ತಿಂಗಳದ್ದು, ಅದೂ ನೂರಾರು ಜಿ.ಬಿ.ಗಳಲ್ಲಿ. ಅದೇ ಟವರು, ಅದೇ ಅಲೆ. ಹಾಗಿರುವಾಗ ತಾರಸಿಗೆ ಈ ಔದಾರ್ಯವೇಕೆ? ಗೋಡೆಯೊಳಗಿನ ಫೋನಿಗೆ ಅಲೆ ಕ್ಷೀಣವಾಗಿ ತಲುಪುವುದರಿಂದ ಟವರು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಬೇಕು, ಕಿವುಡರೊಡನೆ ಮಾತಾಡಿದಂತೆ. ತಾರಸಿಯ ಪೆಟ್ಟಿಗೆಗೆ ಅಲೆ ಸ್ವಚ್ಛವಾಗಿ ಸಿಗುತ್ತದೆ. ಅಷ್ಟೇ ಡೇಟಾವನ್ನು ಟವರು ಅದಕ್ಕೆ ಬಹಳ ಕಡಿಮೆ ಹೊತ್ತಿನಲ್ಲಿ ಒಪ್ಪಿಸಿ ಮುಂದಿನವರತ್ತ ತಿರುಗಬಲ್ಲದು. ಜೊತೆಗೆ ಪೆಟ್ಟಿಗೆ ಎಲ್ಲಿಗೂ ತಿರುಗಾಡುವುದಿಲ್ಲ. ಒಂದು ಟವರಿಗೆ ಎಷ್ಟು ಮನೆ ಎಂಬುದನ್ನು ಕಂಪನಿ ಮೊದಲೇ ಲೆಕ್ಕ ಹಾಕಬಹುದು.

ತಂತಿಯೇ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ರಸ್ತೆ ಅಗೆದಾಗ ಅದು ತುಂಡಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದರ ಮೇಲೆ ಮರ ಬೀಳುತ್ತದೆ. ಕರೆಂಟು ಹೋದರೆ ಮನೆಯೊಳಗಿನ ಪೆಟ್ಟಿಗೆ ಕಣ್ಣು ಮುಚ್ಚುತ್ತದೆ. ಟವರಿಗೆ ಬ್ಯಾಟರಿಯಿರುವುದರಿಂದ ಫೋನಿನ ಇಂಟರ್‌ನೆಟ್ ಇನ್ನಷ್ಟು ಹೊತ್ತು ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹಲವು ಊರುಗಳಿಗೆ ತಂತಿ ಬಂದೇ ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಪಂಚಾಯಿತಿಯ ಕಟ್ಟಡದಿಂದ ತೋಟದ ನಡುವಿನ ಒಂಟಿ ಮನೆಗೆ ಇನ್ನೂ ಮೂರು ಮೈಲಿ ಉಳಿಯುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡು, ಕರಾವಳಿಗಳ ಎಷ್ಟೋ ಮಕ್ಕಳು ಗುಡ್ಡದ ನೆತ್ತಿ ಹತ್ತಿ, ಮಳೆಗೆ ಪ್ಲಾಸ್ಟಿಕ್ಕಿನ ಗುಡಾರ ಕಟ್ಟಿಕೊಂಡು ಪಾಠ ಕೇಳಿದರು. ಅಂಥವರ ಮುಂದೆ ತಂತಿಯೋ ಮೊಬೈಲೋ ಎಂಬ ಆಯ್ಕೆಯನ್ನಿಡುವುದೇ ಅಸಂಗತ. ಅವರಿಗೆ ಬೇಕಾದದ್ದು ಅಲೆ ಮನೆಯಂಗಳಕ್ಕಾದರೂ ಇಳಿದು ಬರುವುದು.

ಪಟ್ಟಣದವರಿಗಾದರೆ ಆಯ್ಕೆಯುಂಟು. ಒಬ್ಬಿಬ್ಬರೇ ಇರುವ ಮನೆ, ಹಗಲೆಲ್ಲ ಹೊರಗೆ ಕೆಲಸ, ರಾತ್ರಿ ಒಂದಿಷ್ಟು ವಾರ್ತೆ, ಒಂದಿಷ್ಟು ಸಂಗೀತ ಎಂದಾದರೆ ಮೊಬೈಲಿನ ಡೇಟಾವೇ ಸಾಕು. ಅಂಥವರು ತಂತಿಗೆ ತಿಂಗಳು ತಿಂಗಳು ಹಣ ತೆರುವುದು ದಂಡ. ಓದುವ ಮಕ್ಕಳಿದ್ದಲ್ಲಿ, ಮನೆಯಿಂದಲೆ ಕೆಲಸ ಮಾಡುವವರಿದ್ದಲ್ಲಿ, ಓಣಿಗೆ ತಂತಿ ಬಂದಿದ್ದರೆ ಅದನ್ನು ಹಾಕಿಸಿ ಮೊಬೈಲನ್ನು ಆಪತ್ತಿಗೆ ಇಟ್ಟುಕೊಳ್ಳಬೇಕು. ತಂತಿ ಬಂದಿಲ್ಲವೆ? ತಾರಸಿಯ ಪೆಟ್ಟಿಗೆ, ಅದೂ ಇಲ್ಲವೆ, ಮನೆಯಿಂದ ಹೊರಗೆ ಹೋಗದ ರೌಟರಿನಲ್ಲಿ ಮನೆಗೆಂದೇ ಇರುವ ಬೇರೊಂದು ಸಿಮ್. ಯಾವ ಕಂಪನಿಯದೆಂದು ನನ್ನನ್ನು ಕೇಳಬೇಡಿ. ಒಂದೇ ಬೀದಿಯ ಎರಡು ತುದಿಗಳಿಗೆ ಉತ್ತರ ಬೇರೆಯಾಗಬಹುದು. ಪರಿಚಯದವರಿಂದ ಬೇರೆ ಬೇರೆ ಕಂಪನಿಯ ಫೋನುಗಳನ್ನು ಎರವಲು ತಂದು, ಮೂರು ಸಂಜೆ, ಎಂಟರಿಂದ ಹತ್ತು ಗಂಟೆಯವರೆಗೆ ಪರೀಕ್ಷಿಸಿ ನೋಡಬಹುದು. ನೋಡುವಾಗ ಫೋನನ್ನು ಜಗಲಿಯಲ್ಲಿಡಬಾರದು, ಅಂಗಡಿಯ ಬಾಗಿಲಲ್ಲಿ ಖಂಡಿತ ಕೂಡದು. ಮಗಳು ಕುಳಿತು ಓದುವ ಮೇಜಿನ ಮೇಲೆ, ಕೋಣೆಯ ಬಾಗಿಲು ಹಾಕಿ, ಇಡಬೇಕು.