40 ಎಚ್‌ಪಿ ಕನಸು, 9.9 ಎಚ್‌ಪಿ ದೋಣಿ

ಕಳೆದ ವರ್ಷ ನನ್ನ ಖಾತೆಯಲ್ಲಿ 1 ಲಕ್ಷದ 40 ಸಾವಿರ ರೂಪಾಯಿ ಇತ್ತು. ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಪಿ.ಜಿ. ಬಾಡಿಗೆ ಕಟ್ಟಿ, ಹಬ್ಬಕ್ಕೂ ಊರಿಗೆ ಬಾರದೆ ಉಳಿಸಿದ್ದ ದುಡ್ಡು. ಇಷ್ಟು ದುಡ್ಡು ಕೂಡಿದಾಗ ನನ್ನ ಗೆಳತಿಯರು ಸ್ಕೂಟರ್ ತೆಗೆದುಕೊಂಡರು. ನಾನು ಮೋಟಾರು ದೋಣಿ ಹುಡುಕಲು ಹೊರಟೆ.

ಇದು ಶೋಕಿಗಲ್ಲ. ನಮ್ಮ ಮನೆ ಇರುವುದು ಕುಂದಾಪುರದ ಹತ್ತಿರದ ಒಂದು ಕುದ್ರುವಿನಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ನದಿಗಳು ಒಂದಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವ ಜಾಗ ಅದು. ನಮ್ಮ ಅಂಗಳದಿಂದ ಆಚೆ ದಡದ ರಸ್ತೆಗೆ ಹೆಚ್ಚೆಂದರೆ 800 ಮೀಟರ್. ಆದರೆ ನಡುವೆ ಇರುವುದು ನೀರು. ಅಪ್ಪಯ್ಯನ ಹಳೆಯ ಪಾತಿ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ದಾಟಲು 20 ನಿಮಿಷ ಬೇಕು.

ಕೆಲಸ ಬಿಟ್ಟು, ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಊರಿಗೆ ಬಂದ ಮೊದಲ ಮಳೆಗಾಲ. ಜೂನ್ ತಿಂಗಳ ಒಂದು ರಾತ್ರಿ ಅಜ್ಜಿಗೆ ಎದೆನೋವು ಕಾಣಿಸಿಕೊಂಡಿತು. ಹೊರಗೆ ಮಳೆ, ಹೊಳೆಯಲ್ಲಿ ಇಳಿತ. ಮೇಲಿನಿಂದ ಬರುವ ಮಳೆನೀರು, ಕೆಳಕ್ಕೆ ಎಳೆಯುವ ಇಳಿತ ಎರಡೂ ಸೇರಿ ಪಾತಿಯನ್ನು ಅಳಿವೆಯ ಕಡೆಗೇ ದೂಡುತ್ತಿದ್ದವು. ಅಪ್ಪಯ್ಯ ಒಂದು ಹುಟ್ಟು, ನಾನು ಒಂದು ಹುಟ್ಟು. ಅಜ್ಜಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ. ಆಚೆ ದಡ ಮುಟ್ಟುವಾಗ 50 ನಿಮಿಷ ಆಗಿತ್ತು. ಅಜ್ಜಿ ಉಳಿದರು. ಆದರೆ ‘ಯಾಕೆ ಇಷ್ಟು ತಡ ಮಾಡಿದಿರಿ?’ ಎಂದು ಡಾಕ್ಟರ್ ಕೇಳಿದಾಗ ಅಪ್ಪಯ್ಯ ತಲೆ ತಗ್ಗಿಸಿ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನವೇ ತೀರ್ಮಾನ ಮಾಡಿದೆ. ಅಪ್ಪಯ್ಯ ಮಾತ್ರ ‘ಕೆಲ್ಸ ಸಿಕ್ಕದ್ ಮೇಲೆ ಕಾಂಬ. ಇದ್ದ್ ದುಡ್ಡನ್ ನೀರಿಗ್ ಹಾಕ್ತ್ಯಾ?’ ಎಂದರು.

ಕುದ್ರುವಿನಲ್ಲಿ ಹುಟ್ಟಿದವಳು ಎಂದಮಾತ್ರಕ್ಕೆ ಎಂಜಿನ್ ದೋಣಿಯ ವಿಷಯ ನನಗೆ ಗೊತ್ತಿತ್ತು ಎಂದುಕೊಳ್ಳಬೇಡಿ. ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ: ಮೊಬೈಲ್‌ನಲ್ಲಿ ಚೆಂದದ ಫೋಟೊ ಹುಡುಕಿದೆ.

ಮೊದಲ ನೋಟದ ಪ್ರೀತಿ

ಫೋಟೊದಲ್ಲಿ ಕಂಡದ್ದು ಬಿಳಿ ಬಣ್ಣದ, ನೀಲಿ ಸೀಟಿನ ಸ್ಪೀಡ್ ಬೋಟ್. ಹಿಂದೆ 40 ಎಚ್‌ಪಿ ಎಂಜಿನ್. ಬೆಲೆ 2 ಲಕ್ಷದ 60 ಸಾವಿರ. ಉಳಿದ ದುಡ್ಡಿಗೆ ಸಾಲ ಮಾಡಿದರಾಯಿತು ಎಂದು ಮನಸ್ಸಿನಲ್ಲೇ ಇಎಂಐ ಲೆಕ್ಕ ಹಾಕಿಬಿಟ್ಟಿದ್ದೆ. ನೋಡಿಕೊಂಡು ಬರಲು ಜೊತೆಗೆ ಮಾವನನ್ನು ಕರೆದೆ. ಮಾವ ಅಂದರೆ ಅಮ್ಮನ ಅಣ್ಣ, ಮೀನುಗಾರಿಕೆ ಬೋಟಿನಲ್ಲಿ ತಾಂಡೇಲನಾಗಿ ವರ್ಷಗಟ್ಟಲೆ ಕಡಲಿಗೆ ಹೋದವರು. ಈಗ ಮೊಣಕಾಲು ನೋವೆಂದು ಮನೆಯಲ್ಲಿದ್ದಾರೆ.

ಮಾರುವವರು ಬೋಟಿನ ವಿವರವನ್ನೆಲ್ಲ ಮಾವನಿಗೇ ಹೇಳುತ್ತಿದ್ದರು. ‘ತಕಂಬುದ್ ಅವ್ಳ್, ಅವ್ಳಿಗ್ ಹೇಳಿ’ ಎಂದ ಮಾವ ಬೋಟಿನ ಸುತ್ತ ಒಂದು ಸುತ್ತು ಬಂದು, ಎಂಜಿನ್ನಿನ ಮೇಲೆ ಸುಮ್ಮನೆ ಕೈಯಿಟ್ಟರು. ಹಗ್ಗ ಎಳೆದ ಒಂದೇ ಎಳೆತಕ್ಕೆ ಎಂಜಿನ್ ಶುರುವಾಯಿತು. ನಾನು ಖುಷಿಯಾದೆ. ಬರುವಾಗ ಬಸ್ಸಿನಲ್ಲಿ ಮಾವ ಹೇಳಿದರು: ‘ಎಂಜಿನ್ ಬಿಸಿ ಇತ್ತ್, ಹೆಣೆ. ನಾವ್ ಬಪ್ಪುಕ್ ಮುಂಚೆ ಚಾಲೂ ಮಾಡಿರ್.’

ಹಳೆಯ ಎಂಜಿನ್ ನೋಡುವಾಗಿನ ಮೊದಲ ಪಾಠ ಇದು. ತಣ್ಣಗಿರುವ ಎಂಜಿನ್ ಎಷ್ಟು ಎಳೆತಕ್ಕೆ ಶುರುವಾಗುತ್ತದೆ ಎನ್ನುವುದೇ ಅದರ ಆರೋಗ್ಯ. ಎರಡನೆಯದು ನನಗೇ ಕಂಡಿತ್ತು, ಅರ್ಥ ಗೊತ್ತಿರಲಿಲ್ಲ. ಓಡಿಸುವವರ ಕೈಗೆ ಕಟ್ಟಿಕೊಳ್ಳುವ ಕೆಂಪು ಸುರುಳಿ ಹಗ್ಗ ಎಂಜಿನ್ನಿಗೆ ಇರುತ್ತದೆ. ಓಡಿಸುವವರು ನೀರಿಗೆ ಬಿದ್ದರೆ ಹಗ್ಗ ಕಿತ್ತು ಬಂದು ಎಂಜಿನ್ ನಿಲ್ಲಬೇಕು. ಇಲ್ಲದಿದ್ದರೆ ಬಿದ್ದವರನ್ನು ಬಿಟ್ಟು ದೋಣಿ ಹೋಗುತ್ತದೆ, ಅಥವಾ ತಿರುಗಿ ಬಂದು ಅವರ ಮೇಲೆಯೇ ಹರಿಯುತ್ತದೆ. ಆ ಬೋಟಿನಲ್ಲಿ ಹಗ್ಗದ ಜಾಗದಲ್ಲಿ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿದ್ದರು.

ಆದರೂ ನನ್ನ ಆಸೆ ಬಿಡಲಿಲ್ಲ. ಆಗ ಮಾವ ಮೂರು ಪ್ರಶ್ನೆ ಕೇಳಿದರು: ‘ಯಾವ್ ನೀರಂಗೆ ಬಿಡುಕೆ? ಎಷ್ಟ್ ಜನ ಕೂಕಂಬ್ದ್? ಎಂಜಿನ್ ನಿಂತ್ರೆ ನೀ ಒಬ್ಳೇ ಹುಟ್ಟ್ ಹಾಕಿ ಮನಿಗೆ ಬಪ್ಪುಕೆ ಆತ್ತಾ?’

ಮೂರು ನಿಮಿಷದ ಬೆಲೆ

ಮೊದಲ ಎರಡು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದೆ. ನೀರು: 800 ಮೀಟರ್ ಹೊಳೆ, ಇಳಿತದಲ್ಲಿ ಕೆಸರು ಕಾಣುವಷ್ಟು ಆಳ ಕಡಿಮೆ. ಜನ: ಹೆಚ್ಚೆಂದರೆ ನಾಲ್ಕು. ಆಮೇಲೆ ವೇಗದ ಲೆಕ್ಕ. 40 ಎಚ್‌ಪಿ ಬೋಟ್ ಗಂಟೆಗೆ 40 ಕಿ.ಮೀ. ಓಡಿದರೆ 800 ಮೀಟರಿಗೆ ಸುಮಾರು ಒಂದು ನಿಮಿಷ. ಸಣ್ಣ ಎಂಜಿನ್ನಿನ ದೋಣಿ 12 ಕಿ.ಮೀ. ವೇಗದಲ್ಲಿ ಹೋದರೂ ನಾಲ್ಕು ನಿಮಿಷ. ಅಂದರೆ ನಾನು ಸಾಲ ಮಾಡಲು ಹೊರಟದ್ದು ಮೂರು ನಿಮಿಷಕ್ಕೆ! ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವವರ ನಡುವೆ ಆ ವೇಗದಲ್ಲಿ ಓಡಿಸಲೂ ಆಗದು.

ಪೆಟ್ರೋಲ್ ಲೆಕ್ಕ ಇನ್ನೂ ಜೋರು. 40 ಎಚ್‌ಪಿಯ ಹಳೆಯ ಟು-ಸ್ಟ್ರೋಕ್ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ 15 ಲೀಟರ್‌ಗಿಂತ ಹೆಚ್ಚು ಕುಡಿಯುತ್ತದೆ. 9.9 ಎಚ್‌ಪಿಗೆ ನಾಲ್ಕೈದು ಲೀಟರ್ ಸಾಕು. ತೂಕವೂ ಹಾಗೆಯೇ. ಸಣ್ಣದು 40 ಕೆ.ಜಿ. ಆಸುಪಾಸು, ಇಬ್ಬರು ಎತ್ತಿ ಮನೆಯೊಳಗೆ ಇಡಬಹುದು. ದೊಡ್ಡದು 70 ಕೆ.ಜಿ.ಗೂ ಹೆಚ್ಚು. ಹೊಳೆಯ ದಂಡೆಯಲ್ಲೇ ಬಿಟ್ಟು ರಾತ್ರಿಯಿಡೀ ಕಾಯಬೇಕು.

9.9 ಎನ್ನುವ ಈ ವಿಚಿತ್ರ ಅಂಕಿಗೆ ನಮ್ಮ ಕರಾವಳಿಯಲ್ಲಿ ಇನ್ನೊಂದು ಅರ್ಥವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಇರುವ ನಾಡದೋಣಿಗಳಿಗೂ ಅದು ಅನ್ವಯ. ಒಂದೇ ಒಂದು ದಶಾಂಶದ ಅಂತರದಲ್ಲಿ 9.9 ಅದರಿಂದ ಹೊರಗೆ ಉಳಿಯುತ್ತದೆ. ‘ನಾಳಿಗೆ ಯಾರಾರೂ ಬಲೆ ಹಾಕುಕೆ ಹೋತ್ರ್. ಮಾರುಕೆ ಹೋರೂ ಗಿರಾಕಿ ಸಿಕ್ತ್ರ್’ ಎಂದರು ಮಾವ. ದೋಣಿ ಕೊಳ್ಳುವಾಗಲೇ ಅದನ್ನು ಮಾರುವ ಬಗ್ಗೆಯೂ ಯೋಚಿಸಬೇಕು ಎನ್ನುವುದು ನನಗೆ ಹೊಳೆದಿರಲೇ ಇಲ್ಲ.

ತಟ್ಟಿ ನೋಡು, ಎತ್ತಿ ನೋಡು

ಆಮೇಲೆ ಎರಡು ತಿಂಗಳು ನಾವು ನೋಡಿದ್ದು ಏಳು ದೋಣಿ. ನೋಡುತ್ತಾ ನೋಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ದೋಣಿಯ ತಳ ನೋಡಬೇಕು. ವಿ ಆಕಾರದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ನಿಂತಾಗ ಅತ್ತಿತ್ತ ವಾಲುತ್ತದೆ, ಹೆಚ್ಚು ಆಳ ಕೇಳುತ್ತದೆ. ಚಪ್ಪಟೆ ತಳ ಅಲೆಗೆ ದಡಬಡ ಕುಟ್ಟುತ್ತದೆ, ಆದರೆ ಶಾಂತ ಹೊಳೆಯಲ್ಲಿ ಅಲುಗಾಡದೆ ನಿಲ್ಲುತ್ತದೆ, ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಅಜ್ಜಿಯನ್ನು ಹತ್ತಿಸಬೇಕಾದ ನನಗೆ ಚಪ್ಪಟೆಯೇ ಸರಿ.

ಫೈಬರ್ ದೋಣಿಯಾದರೆ ಬೆರಳ ಗೆಣ್ಣಿನಿಂದ ಎಲ್ಲ ಕಡೆ ತಟ್ಟಬೇಕು. ‘ಟಕ್ ಟಕ್’ ಎಂದರೆ ಒಳ್ಳೆಯದು. ‘ಡಬ್’ ಎಂದರೆ ಒಳಗೆ ಪದರ ಬಿಟ್ಟಿದೆ. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಜಾಗ್ರತೆಯಾಗಿ ತಟ್ಟಬೇಕು. ಎಂಜಿನ್ ಕೂರುವ ಹಿಂಬದಿ ಹಲಗೆಯೇ ದೋಣಿಯ ಬೆನ್ನುಮೂಳೆ. ಹೊರಗೆ ಫೈಬರ್ ಇದ್ದರೂ ಅದರೊಳಗೆ ಸಾಮಾನ್ಯವಾಗಿ ಮರವಿರುತ್ತದೆ. ಎಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಲಗೆಯೂ ಬಾಗಿದರೆ, ಬೋಲ್ಟ್ ತೂತಿನಿಂದ ನೀರು ಜಿನುಗಿದರೆ, ಒಳಗೆ ಮರ ಕೊಳೆತಿದೆ ಎಂದೇ ಅರ್ಥ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಎಂಜಿನ್ ಓಡುವಾಗ ಹಿಂಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಅದು ಎಂಜಿನ್ನನ್ನು ತಣ್ಣಗಿಡುವ ನೀರು. ಧಾರೆ ಸಣ್ಣಗಾದರೆ ಪಂಪಿನೊಳಗಿನ ರಬ್ಬರ್ ಚಕ್ರ ಹೋಗಿರಬಹುದು, ಅಥವಾ ದಾರಿಯಲ್ಲಿ ಉಪ್ಪು ಕಟ್ಟಿರಬಹುದು. ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಆಯಿಲ್ ಒಂದು ಹನಿ ತೆಗೆದು ನೋಡಬೇಕು. ಹಾಲು ಬೆರೆಸಿದ ಹಾಗಿದ್ದರೆ ಒಳಗೆ ನೀರು ಸೇರಿದೆ.

ನಾನು ಹೆಚ್ಚುಕಡಿಮೆ ಮೋಸ ಹೋಗಿದ್ದು ಎಂಜಿನ್ನಿನ ಉದ್ದದಲ್ಲಿ. ಔಟ್‌ಬೋರ್ಡ್ ಎಂಜಿನ್ನಿನ ಕಾಲು ಸಾಮಾನ್ಯವಾಗಿ 15 ಇಂಚು ಅಥವಾ 20 ಇಂಚು. ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ಒಬ್ಬರು ಒಳ್ಳೆಯ ಎಂಜಿನ್ನೊಂದನ್ನು ಅಗ್ಗಕ್ಕೆ ಕೊಡಲು ಬಂದರು. ಮುಂಗಡ ಕೊಡಲು ಹೊರಟಿದ್ದೆ. ಟೇಪು ಹಿಡಿದು ನೋಡಿದರೆ 20 ಇಂಚಿನದು. 15 ಇಂಚಿನ ಹಲಗೆಗೆ ಅದನ್ನು ಕೂರಿಸಿದ್ದರೆ ಪ್ರತಿ ಇಳಿತಕ್ಕೂ ಫ್ಯಾನ್ ಕೆಸರು ಉಳುತ್ತಿತ್ತು.

ಕಾಗದಪತ್ರವನ್ನೂ ಮರೆಯಬಾರದು. ಎಂಜಿನ್ನಿನ ಬಿಲ್ ಕೇಳಿ, ಅದರಲ್ಲಿರುವ ನಂಬರ್ ಎಂಜಿನ್ ಮೇಲಿನ ನಂಬರಿನೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಮೀನುಗಾರಿಕೆ ದೋಣಿಯ ನೋಂದಣಿ ಮೀನುಗಾರಿಕೆ ಇಲಾಖೆಯ ಮೂಲಕ ಆಗುತ್ತದೆ. ಒಳನಾಡು ನೀರಿನಲ್ಲಿ ಓಡುವ ಇತರ ಯಾಂತ್ರಿಕ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಿದೆ. ಪ್ರವಾಸಿಗರನ್ನು ಕೂರಿಸಿ ದುಡ್ಡು ಮಾಡುವ ಯೋಚನೆ ಇದ್ದರೆ ತಪಾಸಣೆ, ಪರವಾನಗಿ, ವಿಮೆ ಎಲ್ಲವೂ ಬೇಕು. ಯಾವುದಕ್ಕೆ ಬಳಸುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿಕೊಂಡರೆ ಅಲೆದಾಟ ಕಡಿಮೆ.

ಮೂರನೇ ಪ್ರಶ್ನೆ

ಏಳನೆಯದಾಗಿ ನೋಡಿದ ದೋಣಿಗೆ ಬಣ್ಣ ಮಾಸಿತ್ತು, ಸೀಟೇ ಇರಲಿಲ್ಲ, ಎರಡು ಅಡ್ಡ ಹಲಗೆ ಅಷ್ಟೆ. 17 ಅಡಿ ಉದ್ದದ, ಚಪ್ಪಟೆ ತಳದ ಫೈಬರ್ ದೋಣಿ, 9.9 ಎಚ್‌ಪಿಯ ಟು-ಸ್ಟ್ರೋಕ್ ಎಂಜಿನ್. ತಣ್ಣಗಿದ್ದ ಎಂಜಿನ್ ಮೂರನೇ ಎಳೆತಕ್ಕೆ ಶುರುವಾಯಿತು. ತಟ್ಟಿದರೆ ಎಲ್ಲ ಕಡೆ ‘ಟಕ್ ಟಕ್’. ಓಡಿಸಿ ನೋಡುತ್ತೇವೆ ಎಂದು ಕೇಳಿ ಮಾವ ಹೊತ್ತು ಗೊತ್ತು ಮಾಡಿದರು. ಅದು ಇಳಿತದ ಹೊತ್ತು ಎನ್ನುವುದು ನನಗೆ ಆಮೇಲೆ ತಿಳಿಯಿತು.

ನಡು ಹೊಳೆಗೆ ಬಂದಾಗ ಮಾವ ನನ್ನ ಕೈಯಲ್ಲಿದ್ದ ಕೆಂಪು ಹಗ್ಗವನ್ನು ಎಳೆದುಬಿಟ್ಟರು. ಎಂಜಿನ್ ನಿಂತಿತು. ಎಷ್ಟು ನಿಶ್ಶಬ್ದವೆಂದರೆ ನೀರು ದೋಣಿಗೆ ತಾಗುವ ಸದ್ದು ಕೇಳಿಸುತ್ತಿತ್ತು.

‘ಈಗ ಮನಿಗೆ ಕರ್ಕಂಡ್ ಹೋಗ್, ಕಾಂಬ’ ಎಂದರು.

ಹುಟ್ಟು ತೆಗೆದುಕೊಂಡು ದಡಕ್ಕೆ ನೇರವಾಗಿ ಹಾಕತೊಡಗಿದೆ. ಐದು ನಿಮಿಷ ಹಾಕಿದರೂ ದಡದ ತೆಂಗಿನಮರಗಳು ಮುಂದೆ ಮುಂದೆ ಹೋಗುತ್ತಿದ್ದವು. ಅಂದರೆ ನಾವು ಕಡಲಿನ ಕಡೆಗೆ ಜಾರುತ್ತಿದ್ದೆವು. ಆ ಜೂನ್ ರಾತ್ರಿ ನೆನಪಾಗಿ ಕೈ ನಡುಗಿತು. ಮಾವ ಮಾತಾಡಲಿಲ್ಲ. ಕೊನೆಗೆ ಒಂದೇ ಮಾತು: ‘ನೀರಿನ್ ಒಟ್ಟಿಗೆ ಜಗಳ ಮಾಡ್ಬೇಡ. ಬದಿ ಹಿಡಿ.’

ಹೊಳೆಯ ನಡುವೆ ಸೆಳೆತ ಜಾಸ್ತಿ, ಬದಿಯಲ್ಲಿ ಕಡಿಮೆ. ದೋಣಿಯ ಮೂತಿಯನ್ನು ಓರೆಯಾಗಿ ಮೇಲಕ್ಕೆ ತಿರುಗಿಸಿ, ಹತ್ತಿರದ ಬದಿಯ ಆಳವಿಲ್ಲದ ನೀರಿಗೆ ಮೊದಲು ಸೇರಿಕೊಂಡೆ. ಅಲ್ಲಿಂದ ದಂಡೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಮೇಲೆ ಬಂದೆ. ಸುಸ್ತಾದಾಗ ಲಂಗರು ಬಿಟ್ಟು ಉಸಿರು ತೆಗೆದುಕೊಂಡೆ. 35 ನಿಮಿಷಕ್ಕೆ ಹೊರಟ ಜಾಗಕ್ಕೆ ಬಂದು ಮುಟ್ಟಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ಬಿಳಿ ಸ್ಪೀಡ್ ಬೋಟನ್ನು ಹೀಗೆ ತರಲು ನನ್ನಿಂದ ಆಗುತ್ತಿರಲಿಲ್ಲ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

1 ಲಕ್ಷದ 25 ಸಾವಿರ ಹೇಳಿದ್ದನ್ನು 1 ಲಕ್ಷದ 12 ಸಾವಿರಕ್ಕೆ ಮುಗಿಸಿದೆವು. ಉಳಿದ 28 ಸಾವಿರವನ್ನು ಮಾವ ಮೊದಲೇ ಎತ್ತಿಡಲು ಹೇಳಿದ್ದರು. ನಾಲ್ಕು ಲೈಫ್ ಜಾಕೆಟ್, ಪಂಪಿನ ಹೊಸ ರಬ್ಬರ್ ಚಕ್ರ, ಹೊಸ ಹಗ್ಗ, ಟಾರ್ಚ್, ಸೀಟಿ, ನೀರು ಮೊಗೆಯುವ ಡಬ್ಬ, ಕಾಗದಪತ್ರದ ಖರ್ಚು ಎಲ್ಲವೂ ಅದರಲ್ಲೇ ಆಯಿತು. ಇದ್ದ ದುಡ್ಡನ್ನೆಲ್ಲ ದೋಣಿಗೇ ಸುರಿದಿದ್ದರೆ ದೋಣಿ ಇರುತ್ತಿತ್ತು, ಜಾಕೆಟ್ ಇರುತ್ತಿರಲಿಲ್ಲ.

ಈಗ ನನ್ನ ದಿನಚರಿ ಹೀಗೆ: ಐದು ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಆಯಿಲ್ ಬೆರೆಸುವುದು. ತಂಗಿಯನ್ನು ಕಾಲೇಜಿಗೆ ದಾಟಿಸಿ, ನಾನು ಕೋಚಿಂಗ್ ಕ್ಲಾಸಿಗೆ ಹೋಗುವುದು. ಸಂಜೆ ಬಂದು ಡ್ರಮ್ಮಿನ ಸಿಹಿನೀರಿನಲ್ಲಿ ಎಂಜಿನ್ ಓಡಿಸಿ ಒಳಗಿನ ಉಪ್ಪು ತೊಳೆಯುವುದು. ದೂರ ಹೋಗುವುದಿದ್ದರೆ ಪೆಟ್ರೋಲನ್ನು ಮೂರು ಪಾಲು ಮಾಡುವುದು: ಹೋಗಲು ಒಂದು, ಬರಲು ಒಂದು, ನೆನೆಸದೆ ಬರುವ ತೊಂದರೆಗೆ ಒಂದು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು ಎಂದು ನೆನಪಿಡುವುದು. ಅಳಿವೆಯ ಕಡೆಗೆ ಮಾತ್ರ ಮೂತಿ ತಿರುಗಿಸುವುದಿಲ್ಲ. ಇಳಿಯುವ ಹೊಳೆ, ಏರುವ ಕಡಲಲೆ ಎದುರುಬದುರಾಗುವ ಜಾಗಕ್ಕೆ ನನ್ನ ದೋಣಿಯೂ ಸಾಲದು, ನಾನೂ ಸಾಲೆ.

ಪರೀಕ್ಷೆಯ ಫಲಿತಾಂಶ ಇನ್ನೂ ಬರಬೇಕು. ಕೆಲಸದ ಜಾಹೀರಾತು ನೋಡುವಾಗಲೂ ಈಗ ಮಾವನ ಮೂರು ಪ್ರಶ್ನೆಗಳು ನೆನಪಾಗುತ್ತವೆ. ಸಂಬಳದ ಅಂಕಿ ನೋಡುವ ಮೊದಲು ‘ಯಾವ ನೀರು?’ ಎಂದು ಕೇಳಿಕೊಳ್ಳುವ ಅಭ್ಯಾಸ ಆಗಿದೆ.

ಮೊದಲ ಸಲ ಅಜ್ಜಿಯನ್ನು ಹೊಸ ದೋಣಿಯಲ್ಲಿ ಡಾಕ್ಟರ ಹತ್ತಿರ ಕರೆದೊಯ್ದ ದಿನ, ಜಾಕೆಟ್ ಹಾಕಿಸಿ, ಅಡ್ಡ ಹಲಗೆಯ ಮೇಲೆ ಕೂರಿಸಿ, ಹಗ್ಗ ಎಳೆಯಲು ಕೈ ಹಾಕಿದ್ದೆ. ಅಜ್ಜಿ ತಡೆದರು. ಎಂಜಿನ್ನನ್ನು ಮೇಲೆ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದರು:

‘ಹುಟ್ಟ್ ಹಾಕಂಡಿದ್ಯಾ?’

ಕಾಲಬುಡದಲ್ಲಿದ್ದ ಎರಡೂ ಹುಟ್ಟು ತೋರಿಸಿದೆ. ‘ಹಾಂಗರೆ ಹೋಪ’ ಎಂದರು.